ಚೋಟ್ಯಾನಿಗೆ ಮಾತು ಕೊಟ್ಟ ಎದುರುಮನೆ ಅತ್ತೆ

ಸೊಸೆ ಮೆಂತ್ಯ ನೆನೆಹಾಕಿ, ಅದನ್ನು ಮರೆತು, ತವರಿಗೆ ಹೋಗಿದ್ದಳು. ನಾನು ಪಾತ್ರೆಯ ಮುಚ್ಚಳ ತೆಗೆದಾಗ ನೀರು ಲೋಳೆಗಟ್ಟಿ ನೊರೆ ಬಂದಿತ್ತು. ಹುಳಿ ಬೆರೆತ ಕಹಿ ವಾಸನೆ ಮೂಗಿಗೆ ಹತ್ತಿತು. ಚೆಲ್ಲಬೇಕೆಂದು ಬಚ್ಚಲಿಗೆ ಒಯ್ದವಳು ಚೆಲ್ಲದೆ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಈಗಿನವರಿಗೆ ಅದು ಕೆಟ್ಟ ವಾಸನೆ. ನಾವು ಸಣ್ಣವರಿದ್ದಾಗ ಬಳ್ಳಾರಿಯಲ್ಲಿ ಬೇಸಿಗೆ ಬಂತೆಂದರೆ ಹೆಂಗಸರು ಹಳೇ ಕಾಗದವನ್ನೂ ಮೆಂತ್ಯವನ್ನೂ ನೀರಿನಲ್ಲಿ ಕೊಳೆಹಾಕಿ, ಒರಳಲ್ಲಿ ರುಬ್ಬಿ, ಆ ಹಿಟ್ಟಿನಿಂದ ಬುಟ್ಟಿ ಮಾಡುತ್ತಿದ್ದರು. ಬಿಸಿಲಿಗೆ ಒಣಗಿದ ಮೇಲೆ ಅದು ಕಟ್ಟಿಗೆಯಷ್ಟು ಗಟ್ಟಿ. ಓಣಿಯ ಕಟ್ಟೆಗಳ ಮೇಲೆಲ್ಲ ಬುಟ್ಟಿಗಳು ಒಣಗುತ್ತಿದ್ದವು. ನಮ್ಮ ಎದುರುಮನೆ ಅತ್ತೆಯ ಕಟ್ಟೆಯ ಮೇಲೆ ಮಾತ್ರ ತಲೆಗಳು ಒಣಗುತ್ತಿದ್ದವು...

ಅತ್ತೆ ಎಂದರೆ ಸಂಬಂಧದಿಂದಲ್ಲ. ಕೌಲ್ ಬಜಾರಿನ ಆ ಓಣಿಯಲ್ಲಿ ಮಕ್ಕಳು ಎಲ್ಲರನ್ನೂ ಏನಾದರೊಂದು ಕರೆಯಬೇಕಿತ್ತು. ಟೇಲರ್ ಅಂಗಡಿಯ ಸಾಬರು ಚಾಚಾ, ಮೂಲೆಯ ಎಣ್ಣೆ ಅಂಗಡಿಯಾಕೆ ಪಿನ್ನಿ, ಎದುರುಮನೆಯಾಕೆ ಅತ್ತೆ. ನಮ್ಮದು ವೈಷ್ಣವರ ಮನೆ. ತಂದೆ ಕೋರ್ಟಿನಲ್ಲಿ ಗುಮಾಸ್ತರು. ಬಾಡಿಗೆ ಅಗ್ಗವೆಂದು ಆ ಓಣಿಗೆ ಬಂದಿದ್ದೆವು, ಹಾಗೇ ಉಳಿದುಬಿಟ್ಟೆವು.

ಅತ್ತೆ ಬಂದದ್ದು ಯುದ್ಧದ ಕಾಲದಲ್ಲಿ, ಒಂದು ನಾಟಕ ಕಂಪನಿಯ ಜೊತೆ. ಕಂಪನಿ ಬಳ್ಳಾರಿಯಲ್ಲಿ ಡೇರೆ ಹಾಕಿತ್ತು. ಸೀಮೆಎಣ್ಣೆ ಸಿಗದಾಯಿತು, ದೀಪವಿಲ್ಲದೆ ಆಟವಿಲ್ಲ. ಕಂಪನಿಯ ಮಾಲೀಕ ಪರದೆ, ಪೋಷಾಕುಗಳನ್ನೆಲ್ಲ ಮಾರಿ ಊರಿಗೆ ಹೋದ. ಉಳಿದವರು ದಿಕ್ಕಿಗೊಬ್ಬರಾದರು. ಈಕೆಗೆ ಹೋಗಲು ಅಂಥ ಊರಿರಲಿಲ್ಲ. ಹುಡುಗಿಯಾಗಿದ್ದಾಗ ಪ್ರಹ್ಲಾದ, ಲೋಹಿತಾಶ್ವ, ಬಾಲಕೃಷ್ಣ ಎಲ್ಲ ಈಕೆಯದೇ ಪಾತ್ರಗಳಂತೆ. ಮಗುವಿನ ಪಾತ್ರಕ್ಕೆ ವಯಸ್ಸು ಮೀರಿತು, ನಾಯಕಿಯ ಪಾತ್ರಕ್ಕೆ ಎತ್ತರ ಸಾಲಲಿಲ್ಲ. ಕೊನೆಯ ವರ್ಷಗಳಲ್ಲಿ ದಾಸಿಯಾಗಿ ಚಾಮರ ಬೀಸುತ್ತ ನಿಲ್ಲುತ್ತಿದ್ದಳು. ಇದನ್ನೆಲ್ಲ ಆಕೆಯೇ ನಮ್ಮ ತಾಯಿಗೆ ಹೇಳಿದ್ದು, ಹಪ್ಪಳ ಒತ್ತುತ್ತ, ಬೇರೆ ಯಾರದೋ ಕತೆಯನ್ನು ಹೇಳುವ ಹಾಗೆ.

ಹೊಟ್ಟೆಪಾಡಿಗೆ ಚಾಚಾನ ಅಂಗಡಿಯಲ್ಲಿ ಕಾಜಾ ಹಾಕುವ ಕೆಲಸ ಹಿಡಿದಳು. ದಂಡಿನವರ ಖಾಕಿ ಅಂಗಿಗಳು ಗಂಟುಗಟ್ಟಲೆ ಬರುತ್ತಿದ್ದವು. ಗುಂಡಿಯ ತೂತಿನ ಸುತ್ತ ಕೈಯಲ್ಲೇ ಹೊಲಿಗೆ ಹಾಕಬೇಕು. ಇಡೀ ದಿನ ಕಟ್ಟೆಯ ಮೇಲೆ ಕೂತು ಅದನ್ನೇ ಮಾಡುತ್ತಿದ್ದಳು.

ನಮ್ಮ ತಂದೆ ಒಂದು ಮಾತು ಹೇಳಿಟ್ಟಿದ್ದರು. "ನಾಟಕದಾಕಿ ಮನಿಯೊಳಗ ಹೋಗೂದು ಬ್ಯಾಡ. ಆಕಿ ಕೆಟ್ಟವಳು ಅಂತ ಅಲ್ಲ. ನಮಗ್ಯಾಕ." ಹಾಗಾಗಿ ನಾನೂ ತಮ್ಮನೂ ಆಕೆಯ ಕಟ್ಟೆಯ ತನಕ ಮಾತ್ರ ಹೋಗುತ್ತಿದ್ದೆವು. ಕಟ್ಟೆ ಮನೆಯೊಳಗಲ್ಲ ಎಂಬುದು ನಮ್ಮ ವಾದ. ತಾಯಿ ಅದನ್ನು ಒಪ್ಪಿದ್ದರು.

ಆಟ ಶುರುವಾದದ್ದು ನಳದ ಪಾಳಿಯಲ್ಲಿ. ನಮ್ಮ ಓಣಿಗೆಲ್ಲ ಒಂದೇ ನಳ. ಬೇಸಿಗೆಯಲ್ಲಿ ನೀರು ಯಾವಾಗ ಬರುತ್ತದೆಂದು ಯಾರಿಗೂ ತಿಳಿಯದು. ದೊಡ್ಡವರು ಮನೆಕೆಲಸ ನೋಡಿಕೊಳ್ಳುತ್ತ ಮಕ್ಕಳನ್ನು ಕೊಡದ ಜೊತೆ ಪಾಳಿಗೆ ಕೂರಿಸುತ್ತಿದ್ದರು. ಬಳ್ಳಾರಿ ಬಿಸಿಲು, ಗುಡ್ಡದ ಕಡೆಯಿಂದ ಬರುವ ಝಳ, ಖಾಲಿ ಕೊಡಗಳು. ನಾವು ಮಕ್ಕಳು ಕೂದಲು ಹಿಡಿದು ಜಗಳವಾಡುತ್ತಿದ್ದೆವು. ಒಂದು ದಿನ ಜಗಳ ಜೋರಾಗಿತ್ತು. ಆಗ ಪಾಳಿಯಲ್ಲಿ ಕೂತಿದ್ದ ಅತ್ತೆ ಖಾಕಿ ಬಟ್ಟೆಯ ಚೂರೊಂದನ್ನು ಮುಷ್ಟಿಗೆ ಸುತ್ತಿಕೊಂಡು, ಹೆಬ್ಬೆರಳನ್ನು ಬಾಯಿಯ ಹಾಗೆ ಆಡಿಸುತ್ತ ಮೇಲೆತ್ತಿದಳು.

"ಏನ್ಲೇ, ನನ್ನ ಕೊಡ ಹಿಂದಕ ಯಾರು ಸರಿಸಿದ್ರಿ?" ಎಂದು ಆ ಮುಷ್ಟಿ ಕೇಳಿತು. ಧ್ವನಿ ಅತ್ತೆಯದಲ್ಲ. ಆರೇಳು ವರ್ಷದ ಪೋರನದು, ಸ್ವಲ್ಪ ಮೂಗಿನಲ್ಲಿ.

ಜಗಳ ನಿಂತಿತು. ನನ್ನ ತಮ್ಮ ಕೇಳಿದ, "ನಿನ್ನ ಕೊಡ ಎಲ್ಲದ?"

"ನನ್ನ ಕೊಡ ನೀರು ಕುಡ್ಯಾಕ ಹೋಗೇತಿ. ಬರೂತನ ಪಾಳಿ ನಾ ಕಾಯ್ತೀನಿ."

ನಾವು ನಕ್ಕೆವು. ಮರುದಿನ ನೀರು ಬರುವ ಮೊದಲೇ ಹೋಗಿ ಕೂತೆವು. ಅದಾದ ಮೇಲೆ ಆ ಬೇಸಿಗೆಯಲ್ಲಿ ಪಾಳಿಗೆ ಹೋಗಲು ಓಣಿಯ ಯಾವ ಮಗುವೂ ತಕರಾರು ಮಾಡಲಿಲ್ಲ.

ಮುಷ್ಟಿಗೆ ತಲೆ ಬಂದದ್ದು ಆಮೇಲೆ. ಮೆಂತ್ಯದ ಹಿಟ್ಟನ್ನು ಸಣ್ಣ ಗಡಿಗೆಯ ಮೇಲೆ ಮೆತ್ತಿ, ಮೂಗು ಕಿವಿ ತಿದ್ದಿ, ಒಣಗಿಸಿ, ಸುಣ್ಣ ಕೆಮ್ಮಣ್ಣು ಬಳಿದಳು. ಒಳಗೆ ಬೆರಳು ತೂರುವಷ್ಟು ತೂತು. ಅಂಗಿ ಖಾಕಿಯದೇ, ಬೇರೆ ಬಟ್ಟೆ ಎಲ್ಲಿಂದ ಬರಬೇಕು? ಅದಕ್ಕೆ ಚೋಟ್ಯಾ ಎಂದು ಹೆಸರಿಟ್ಟವರು ಚಾಚಾ. ಎರಡನೆಯದು ಒಂದು ಮುದುಕಿ, ದೊಡ್ಡವ್ವ. ಅದಕ್ಕೂ ಖಾಕಿ ಸೀರೆ. ಚೋಟ್ಯಾ ಯಾವತ್ತೂ ಸಾಲೆಗೆ ಹೋಗುತ್ತಿರಲಿಲ್ಲ, ದೊಡ್ಡವ್ವ ದಿನಾ ಕಾರಣ ಕೇಳುತ್ತಿದ್ದಳು. ಆಟವೆಂದರೆ ಇಷ್ಟೇ. ಆದರೆ ಕಾರಣಗಳು ಒಂದು ದಿನದ ಹಾಗೆ ಇನ್ನೊಂದು ದಿನ ಇರುತ್ತಿರಲಿಲ್ಲ. "ನನ್ನ ಕಾಲಾಗ ಕಾಲು ಐತಿ, ನಡ್ಯಾಕ ಬರಂಗಿಲ್ಲ" ಎನ್ನುವುದು ಒಂದು. "ಸಾಲಿನೇ ನಮ್ಮನಿಗಿ ಬರ್ತೀನಿ ಅಂದೈತಿ, ಅದಕ ಕಾಯಾಕ ಹತ್ತೀನಿ" ಇನ್ನೊಂದು. ಸಿಟ್ಟು ಬಂದರೆ ಚೋಟ್ಯಾ ತೆಲುಗಿಗೆ ಇಳಿಯುತ್ತಿದ್ದ, ಬೇಡಿಕೊಳ್ಳುವಾಗ ಉರ್ದು. ನಮ್ಮ ಓಣಿಯ ಮಕ್ಕಳು ಮಾತನಾಡುತ್ತಿದ್ದದ್ದೂ ಹಾಗೆಯೇ.

ದೊಡ್ಡವ್ವನ ಧ್ವನಿ ಆಕೆಗೆ ಸಲೀಸು. ಚೋಟ್ಯಾನದಕ್ಕೆ ಮಾತ್ರ ಗಂಟಲನ್ನು ಹಿಂಡಬೇಕಾಗುತ್ತಿತ್ತು. ಆಟ ಮುಗಿದ ಮೇಲೆ ತುಸು ಹೊತ್ತು ಮಾತಾಡದೆ, ಕಲ್ಲುಸಕ್ಕರೆ ಬಾಯಲ್ಲಿಟ್ಟುಕೊಂಡು ಕೂಡುತ್ತಿದ್ದಳು. ಅದನ್ನು ನಾವು ಆಟದ ಭಾಗವೆಂದೇ ತಿಳಿದಿದ್ದೆವು.

ಸುದ್ದಿ ನಮ್ಮ ಸಾಲೆಯ ಹೆಡ್‌ಮಾಸ್ಟರಿಗೆ ಮುಟ್ಟಿತು. ಬಹುಮಾನ ಹಂಚುವ ದಿನ ಚೋಟ್ಯಾನ ಆಟ ಆಡಿಸಬೇಕೆಂದು ಕೇಳಲು ಅವರೇ ಓಣಿಗೆ ಬಂದರು. ಬಂದವರು ಕೂಡದೆ ನಿಂತೇ ಮಾತಾಡಿದರು.

"ನೋಡವ್ವಾ, ಆಟ ಚಲೋ ಐತಿ ಅಂತ ಎಲ್ಲಾರೂ ಹೇಳ್ತಾರ. ಆದ್ರ ಮಂದಿ ಬಾಯಿ ನಿನಗ ಗೊತ್ತಲ್ಲ. ನಾಟಕದಾಕಿ ಸಾಲಿಗಿ ಬಂದ್ಳು ಅಂದ್ರ ಹೆಣ್ಣುಹುಡುಗ್ಯಾರ್ನ ಬಿಡಿಸ್ತಾರ."

"ಏನು ಮಾಡ್ಬೇಕ್ರಿ ನಾ?"

"ಹಿಂದಿನ ಬಾಗಲ್ಲಿಂದ ಬಂದು ಪರದೆ ಹಿಂದ ಕುಂದುರು. ಮುಗದ ಮ್ಯಾಲೂ ಮುಂದ ಬರಬ್ಯಾಡ. ಹೆಸರು ಹೇಳಂಗಿಲ್ಲ."

ಅತ್ತೆ ಕಾಜಾದ ದಾರವನ್ನು ಹಲ್ಲಿನಿಂದ ಕಡಿದಳು. "ಗೊಂಬಿ ಆಡಸೋರು ಪರದೆ ಹಿಂದ ಇರೋದರಿ. ಬರ್ತೀನಿ" ಎಂದಳು.

ಅಂದು ಸಾಲೆಯ ಮಕ್ಕಳು ನಕ್ಕ ನಗು ರಸ್ತೆಗೆ ಕೇಳಿಸುತ್ತಿತ್ತು. ದೊಡ್ಡವರೂ ನಕ್ಕರು. ಪರದೆಯ ಹಿಂದೆ ಯಾರಿದ್ದಾರೆಂದು ನಮ್ಮ ಓಣಿಯವರಿಗೆ ಬಿಟ್ಟರೆ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಯಾರೋ ಒಬ್ಬ ಗಂಡಸು ಎಂದುಕೊಂಡರು. ಆಮೇಲೆ ಬೇರೆ ಸಾಲೆಗಳಿಂದ, ಬೇರೆ ಊರುಗಳಿಂದ ಕರೆ ಬರತೊಡಗಿತು. ಎಲ್ಲ ಕಡೆ ಅದೇ ಕಟ್ಟಳೆ ನಡೆಯಿತು. ಹೇಳಿಕೊಟ್ಟವರು ಯಾರೋ, ಒಂದು ಸಾಲೆಯಿಂದ ಇನ್ನೊಂದು ಸಾಲೆಗೆ ಆಟದ ಜೊತೆ ಆ ಮಾತೂ ಹೋಗುತ್ತಿತ್ತು.

ತಗಡಿನ ಟ್ರಂಕಿನಲ್ಲಿ ಎರಡು ಗೊಂಬೆ, ಒಂದು ಕಪ್ಪು ಪರದೆ ಇಟ್ಟುಕೊಂಡು ಆಕೆ ಬಸ್ಸು ಹತ್ತುತ್ತಿದ್ದಳು. ಸಿರುಗುಪ್ಪ, ಕರೂರು, ಕುರುಗೋಡು, ಸಂಗನಕಲ್ಲು. ಕೆಲವು ಕಡೆ ಬಸ್ಸು, ಕೆಲವು ಕಡೆ ಗಾಡಿ. ಕಾಜಾದ ಗಂಟನ್ನೂ ಜೊತೆಗೆ ಒಯ್ದು ದಾರಿಯಲ್ಲೇ ಹೊಲಿಯುತ್ತಿದ್ದಳು. ಬಸ್ಸು ನಿಂತಲ್ಲಿ ಮಕ್ಕಳು ಕಿಟಕಿಗೆ ಬಂದು "ಚೋಟ್ಯಾ ಬಂದಾನೇನ್ರಿ?" ಎಂದು ಕಂಡಕ್ಟರನನ್ನು ಕೇಳುತ್ತಿದ್ದರಂತೆ. ಆಕೆ ಅವನ ಹಿಂದಿನ ಸೀಟಿನಲ್ಲೇ ಇರುತ್ತಿದ್ದಳು.

ಕುರುಗೋಡಿನಲ್ಲಿ ನಡೆದದ್ದನ್ನು ಆಕೆ ನಮ್ಮ ತಾಯಿಗೆ ಹೇಳುವಾಗ ನಾನು ಅಲ್ಲಿದ್ದೆ. ಆಟ ಮುಗಿದ ಮೇಲೆ ಊರಿನ ಹಿರಿಯರೊಬ್ಬರು ಕಲಾವಿದರಿಗೆ ಸನ್ಮಾನ ಮಾಡಬೇಕೆಂದು ಹಾರ ತರಿಸಿದರು. ಪರದೆಯ ಪಕ್ಕದಲ್ಲಿ ಟ್ರಂಕು ಹೊತ್ತು ತಂದ ಗಾಡಿಯವನು ನಿಂತಿದ್ದ. ಅವನನ್ನೇ ಕರೆದು ಕುರ್ಚಿಯಲ್ಲಿ ಕೂರಿಸಿ ಹಾರ ಹಾಕಿ, ಶಾಲು ಹೊದಿಸಿದರು. ಸಂಗತಿ ಗೊತ್ತಿದ್ದ ಮಾಸ್ತರರು ಬಾಯಿ ಬಿಡಲಿಲ್ಲ. ಗಾಡಿಯವನು ಬೆವತುಹೋದ. "ಎರಡು ಮಾತಾಡ್ರಿ" ಎಂದಾಗ ಅವನು "ನನ್ನ ಎತ್ತು ಕಟ್ಟಿಲ್ರಿ" ಎಂದನಂತೆ. ಸಭೆಯವರು ಅದೂ ಚೋಟ್ಯಾನ ಮಾತೆಂದು ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಇಷ್ಟು ಹೇಳಿ ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ.

"ಆಮ್ಯಾಲೆ?" ಎಂದರು ತಾಯಿ. ಅವರು ನಕ್ಕಿರಲಿಲ್ಲ.

"ಆಮ್ಯಾಲೇನವ್ವಾ. ಊರು ದಾಟಿದ ಮ್ಯಾಲ ಗಾಡಿ ನಿಲ್ಸಿ, ಹಾರ ಶಾಲು ತೆಗದು ನನ್ನ ಮುಂದ ಇಟ್ಟ. ತಾಯೀ, ತಪ್ಪಾತು ಅಂದ. ಪಾಪ, ಅವಂದೇನು ತಪ್ಪು? ಶಾಲು ನಿನ್ನ ಹೇಣ್ತಿಗಿ ಕೊಡು ಅಂದೆ. ಹಾರ ಚೋಟ್ಯಾಗ ಹಾಕಿದೆ."

ತಾಯಿ ಎದ್ದು ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟರು. ಅಲ್ಲಿಯ ತನಕ ಆಕೆಗೆ ಕೊಡುತ್ತಿದ್ದದ್ದು ಹಿತ್ತಾಳೆಯ ಬೇರೆ ಲೋಟ. ಅಂದು ನಮ್ಮ ಲೋಟದಲ್ಲಿ ತಂದರು. ಅತ್ತೆ ಅದನ್ನು ಗಮನಿಸಿದಳೋ ಇಲ್ಲವೋ...

ಸ್ವಾತಂತ್ರ್ಯ ಬಂದಾಗ ಸಾಲೆಯಲ್ಲಿ ಮಿಠಾಯಿ ಹಂಚಿ ಆಟ ಇಟ್ಟಿದ್ದರು. ಚೋಟ್ಯಾ ಆವತ್ತು ಕೈಯಲ್ಲಿ ಸಣ್ಣ ಬಾವುಟ ಹಿಡಿದು, "ಸ್ವಾತಂತ್ರ್ಯ ಬಂತಲ್ಲ ದೊಡ್ಡವ್ವಾ, ಇನ್ನ ಸಾಲಿ ಇರಂಗಿಲ್ಲ ಹೌದಲ್ಲ?" ಎಂದು ಕೇಳಿದ. "ಇನ್ನ ಮ್ಯಾಲ ದಿನಾ ಇರತೈತಿ" ಎಂದಳು ದೊಡ್ಡವ್ವ. ಚೋಟ್ಯಾ ಬಾವುಟವನ್ನು ಆಕೆಯ ಕೈಗೆ ಕೊಟ್ಟು ಮುಖ ಮುಚ್ಚಿಕೊಂಡ. ಹೆಡ್‌ಮಾಸ್ಟರು ಕೂಡ ನಕ್ಕರು.

ಅದಾಗಿ ಕೆಲವು ವರ್ಷಕ್ಕೆ ದೂರದ ಊರಿನ ರೇಡಿಯೋ ಕೇಂದ್ರದ ಅಧಿಕಾರಿಯೊಬ್ಬರು ಬಳ್ಳಾರಿಯ ನೆಂಟರ ಮನೆಗೆ ಬಂದವರು ಆಟ ನೋಡಿದರು. ಆಟ ಮುಗಿದದ್ದೇ ತಡ, ಯಾರನ್ನೂ ಕೇಳದೆ ಪರದೆಯ ಹಿಂದೆ ಹೋದರು. ಎರಡೂ ಧ್ವನಿ ಒಬ್ಬಳದೇ ಎಂದು ತಿಳಿದು ಮತ್ತೊಮ್ಮೆ ಮಾಡಿಸಿ ಕೇಳಿದರು. ಮಕ್ಕಳ ಕಾರ್ಯಕ್ರಮಕ್ಕೆ ಬರಬೇಕು ಎಂದರು.

"ಅಲ್ಲಿ ಪರದೆ ಇರತೈತೇನ್ರಿ?" ಎಂದು ಅತ್ತೆ ಕೇಳಿದಳಂತೆ.

"ರೇಡಿಯೋದಲ್ಲಿ ಯಾರೂ ಕಾಣಿಸುವುದಿಲ್ಲಮ್ಮ. ಆದರೆ ಮೊದಲು ನಿಮ್ಮ ಹೆಸರು ಹೇಳುತ್ತೇವೆ."

ಆಕೆ ನಮ್ಮ ಮನೆಗೆ ಬಂದು ಹೇಳಿದ್ದು ಇದೊಂದೇ ಮಾತು. ಹೆಸರು ಹೇಳ್ತಾರಂತ.

ರೇಡಿಯೋದವರು ಆಡಬೇಕಾದ ಮಾತುಗಳನ್ನೆಲ್ಲ ಬರೆದು ಕಳಿಸಿದರು. ಅಲ್ಲಿ ಬಾಯಿಗೆ ಬಂದದ್ದನ್ನು ಆಡುವ ಹಾಗಿಲ್ಲ. ಅತ್ತೆಗೆ ಓದಲು ಬರುತ್ತಿರಲಿಲ್ಲ. ನಾಟಕದ ಪಾತ್ರಗಳನ್ನೆಲ್ಲ ಕೇಳಿಯೇ ಕಲಿತವಳು. ನಾನು ಆಗ ಟೀಚರ್ ಟ್ರೈನಿಂಗಿಗೆ ಸೇರಿದ್ದೆ. ಸಂಜೆ ಹೊತ್ತು ಆಕೆಯ ಕಟ್ಟೆಯ ಮೇಲೆ ಕೂತು ಓದಿ ಹೇಳಿದೆ. ಒಮ್ಮೆ ಕೇಳಿದರೆ ಆಕೆಗೆ ಅಚ್ಚೊತ್ತಿದ ಹಾಗೆ. ಕಷ್ಟವಾದದ್ದು ಭಾಷೆ. "ಅಜ್ಜಿ, ನಾನು ಇಂದು ಶಾಲೆಗೆ ಹೋಗಲಾರೆ. ನನ್ನ ಕಾಲು ನೋಯುತ್ತಿದೆ" ಎಂದು ಬರೆದಿತ್ತು. ಅತ್ತೆ ಚೋಟ್ಯಾನನ್ನು ಕೈಗೆ ಹಾಕಿಕೊಂಡು ಹೇಳಲು ನೋಡಿದಳು. ಗೊಂಬೆಯನ್ನು ತೆಗೆದು ಕೆಳಗಿಟ್ಟಳು.

"ಇವನ ಬಾಯಾಗ ಇದು ಹೊಂದವಲ್ದು" ಎಂದಳು. ಆಮೇಲೆ ಬರಿಗೈಯಲ್ಲೇ ಅಭ್ಯಾಸ ಮಾಡಿದಳು.

ಪ್ರಸಾರದ ಸಂಜೆ ಓಣಿಯವರೆಲ್ಲ ಪಾರ್ಕಿಗೆ ಹೋದೆವು. ಪುರಸಭೆಯವರು ಅಲ್ಲಿ ರೇಡಿಯೋ ಇಟ್ಟು, ಕಂಬಕ್ಕೆ ಧ್ವನಿವರ್ಧಕ ಕಟ್ಟಿದ್ದರು. ಚಾಚಾ ಅಂಗಡಿ ಬಾಗಿಲು ಹಾಕಿ ಬಂದಿದ್ದರು. ನಮ್ಮ ತಂದೆ ಕೋರ್ಟಿನಿಂದ ನೇರವಾಗಿ ಬಂದು, ನಮ್ಮ ಜೊತೆ ಕೂಡದೆ, ಬೇಲಿಯ ಹತ್ತಿರ ಛತ್ರಿ ಹಿಡಿದು ನಿಂತರು. ಕರಕರ ಸದ್ದಾಗಿ, ಆಮೇಲೆ ಒಬ್ಬರು ಕಾರ್ಯಕ್ರಮದ ಹೆಸರು ಹೇಳಿದರು. ನಡೆಸಿಕೊಡುವವರು ಎಂದು ಅತ್ತೆಯ ಹೆಸರು, ಹೆಸರಿನ ಹಿಂದೆ ಶ್ರೀಮತಿ. ಅಷ್ಟು ವರ್ಷ ಎದುರುಬದುರಿದ್ದರೂ ನಮ್ಮಲ್ಲಿ ಅನೇಕರು ಆ ಹೆಸರನ್ನು ಕೇಳಿದ್ದು ಅದೇ ಮೊದಲು. ತಂದೆ ಛತ್ರಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು.

ಆಮೇಲೆ ಚೋಟ್ಯಾ ಮಾತಾಡಿದ. ಶುದ್ಧವಾಗಿ, ತಪ್ಪಿಲ್ಲದೆ, ಪುಸ್ತಕದ ಕನ್ನಡದಲ್ಲಿ ಮಾತಾಡಿದ. ದೊಡ್ಡವರು ತಲೆದೂಗಿದರು. ಮಕ್ಕಳು ಮಾತ್ರ ಒಬ್ಬರ ಮುಖ ಒಬ್ಬರು ನೋಡಿದರು. ಎಣ್ಣೆ ಅಂಗಡಿಯ ಪಿನ್ನಿಯ ಕೊನೆಯ ಮಗಳು, ಐದು ವರ್ಷದವಳು, ಎದ್ದು ಕಂಬದ ಹಿಂದೆ ಹೋಗಿ ನೋಡಿ ಬಂದಳು. "ಇವ ಚೋಟ್ಯಾ ಅಲ್ಲ" ಎಂದು ತಾಯಿಗೆ ಹೇಳಿ ಮನೆಗೆ ಹೋಗೋಣವೆಂದು ಹಟ ಹಿಡಿದಳು.

ಅತ್ತೆ ರೈಲಿನಿಂದ ಇಳಿದು ಬಂದ ದಿನ ಓಣಿಯವರು ಹೊಗಳಿದರು. ಆಕೆ ಸಂತೋಷಪಟ್ಟಳು. ಆದರೂ ಸಂಜೆ ಕಟ್ಟೆಗೆ ಬಂದ ಮಕ್ಕಳನ್ನು "ಹೆಂಗಿತ್ರಲೇ?" ಎಂದು ಕೇಳಿದಳು. ಪಿನ್ನಿಯ ಮಗಳು, "ಚೋಟ್ಯಾ ಎಲ್ಲಿ ಹೋಗಿದ್ದ? ಬ್ಯಾರೆ ಹುಡುಗ ಯಾಂವ ಅಂವ?" ಎಂದಳು.

ಅತ್ತೆ ಆ ಮಗುವನ್ನು ಹತ್ತಿರ ಕೂರಿಸಿಕೊಂಡಳು. "ಹೌದವ್ವಾ, ಅಂವ ಬ್ಯಾರೇದಾಂವ. ಚೋಟ್ಯಾ ಇಲ್ಲೇ ಟ್ರಂಕಿನ್ಯಾಗ ಇದ್ದ" ಎಂದಳು.

ಹೆಸರು ಸಿಕ್ಕಿತ್ತು. ಮತ್ತೊಮ್ಮೆ ಕರೆ ಬರುವುದೂ ಖಚಿತವಿತ್ತು. ಸುಮ್ಮನೆ ಹೋಗಿ ಅದೇ ಮಾತು ಆಡಿ ಬರಬಹುದಿತ್ತು. ಆಕೆ ಹಾಗೆ ಮಾಡಲಿಲ್ಲ. ಎರಡನೆಯ ಕರೆ ಬಂದಾಗ ನನ್ನಿಂದ ಉತ್ತರ ಬರೆಸಿದಳು. ಚೋಟ್ಯಾ ಬಳ್ಳಾರಿಯವನು, ಅವನ ಮಾತಿನಲ್ಲೇ ಆಡಲು ಬಿಟ್ಟರೆ ಬರುತ್ತೇನೆ, ಇಲ್ಲವಾದರೆ ಇಲ್ಲ. ಬರೆಯುವಾಗ ನನಗೇ ಅಂಜಿಕೆಯಾಯಿತು. "ಅತ್ತಿ, ಅವರು ಬ್ಯಾಡ ಅಂದುಬಿಟ್ಟರ?" ಎಂದೆ.

"ಅಂದ್ರ ಅನ್ಲಿ. ಆ ಸಣ್ಣಕಿ ಎದ್ದು ಮನಿಗಿ ಹೋದ್ಲಲ್ಲ, ಅದಕಿಂತ ಏನು ಅಂತಾರ?"

ಆ ಅಧಿಕಾರಿ ಒಳ್ಳೆಯವರು. ಒಪ್ಪಿದರು. ಮುಂಚಿತವಾಗಿ ಮಾತುಗಳನ್ನು ತಿಳಿಸಿದರೆ ಸಾಕು, ಭಾಷೆ ನಿಮ್ಮದೇ ಇರಲಿ ಎಂದರು. ಅತ್ತೆ ಅಷ್ಟು ಖುಷಿಯಾಗಿದ್ದುದನ್ನು ನಾನು ಮೊದಲು ಕಂಡಿರಲಿಲ್ಲ. ಚೋಟ್ಯಾನ ಮುಖಕ್ಕೆ ಹೊಸದಾಗಿ ಬಣ್ಣ ಬಳಿದಳು, ರೇಡಿಯೋದಲ್ಲಿ ಯಾರಿಗೂ ಕಾಣುವುದಿಲ್ಲ ಎಂದು ತಿಳಿದೂ. ಬೆಳಗ್ಗೆ ಸಂಜೆ ಅಭ್ಯಾಸ. ಆಗಾಗ ಕೆಮ್ಮುತ್ತಿದ್ದಳು. ದೂಳಿನ ಕೆಮ್ಮು ಎಂದುಕೊಂಡೆವು. ಬಳ್ಳಾರಿಯಲ್ಲಿ ಯಾರಿಗೆ ಕೆಮ್ಮಿಲ್ಲ...

ರೇಡಿಯೋ ಕೇಂದ್ರದಲ್ಲಿ ಆದದ್ದನ್ನು ಆಕೆ ಬಂದ ಮೇಲೆ ಹೇಳಿದಳು. ಕಾರ್ಯಕ್ರಮಕ್ಕೆ ಮೊದಲು ಯಂತ್ರದ ಮುಂದೆ ಕೂರಿಸಿ ಧ್ವನಿ ನೋಡಿದರು. ದೊಡ್ಡವ್ವ ಸರಿಯಾಗಿ ಮಾತಾಡಿದಳು. ಚೋಟ್ಯಾನ ಸರದಿಗೆ ಗಾಳಿ ಬಂತು, ಧ್ವನಿ ಬರಲಿಲ್ಲ. ನೀರು ಕುಡಿಸಿದರು. ಮತ್ತೆ ನೋಡಿದರು. ಒಡೆದ ಕೊಳಲಿನ ಹಾಗೆ ಒಂದು ಸದ್ದು ಬಂದು ನಿಂತಿತು. ಆ ಹೊತ್ತಿಗೆ ಬೇರೆ ಏನೋ ಹಾಡು ಹಾಕಿ ಕಾರ್ಯಕ್ರಮ ಮುಗಿಸಿದರು. ಪಾರ್ಕಿನಲ್ಲಿ ಕೂತಿದ್ದ ನಾವು ಹಾಡು ಕೇಳಿ ಎದ್ದು ಬಂದಿದ್ದೆವು. ಆ ಅಧಿಕಾರಿ ಆಕೆಯನ್ನು ತಾವೇ ನಿಲ್ದಾಣಕ್ಕೆ ಬಿಟ್ಟು, ಹೋದ ಸಲವೂ ನಿಮ್ಮ ಧ್ವನಿಯಲ್ಲಿ ಒಂದು ಗೀರು ಕೇಳಿಸಿತ್ತು, ಡಾಕ್ಟರಿಗೆ ತೋರಿಸಿ ಎಂದರಂತೆ.

ಡಾಕ್ಟರಲ್ಲಿಗೆ ನಾನೇ ಕರೆದುಕೊಂಡು ಹೋದೆ. ಅವರು ಸಣ್ಣ ಕನ್ನಡಿಯನ್ನು ಗಂಟಲಿಗೆ ಇಳಿಸಿ ನೋಡಿದರು. ವರ್ಷಗಟ್ಟಲೆ ಹಿಂಡಿ ಹಿಂಡಿ ಗಂಟಲಲ್ಲಿ ಗಂಟಾಗಿದೆ, ಸಾದಾ ಮಾತಿಗೆ ತೊಂದರೆಯಿಲ್ಲ, ಆ ಹುಡುಗನ ಧ್ವನಿ ಇನ್ನು ಬರುವುದಿಲ್ಲ, ಮತ್ತೆ ಹಿಂಡಲು ಹೋದರೆ ಇರುವುದೂ ಹೋಗುತ್ತದೆ ಎಂದರು. ಅತ್ತೆ ಕೇಳಿಸಿಕೊಂಡಳು. ಹೊರಗೆ ಬಂದು ಜಟಕಾ ಹತ್ತುವಾಗ, "ದೊಡ್ಡವ್ವ ಒಬ್ಬಾಕಿ ಉಳದ್ಲು ನೋಡು" ಎಂದಳು. ಮನೆಗೆ ಬಂದು ಟ್ರಂಕನ್ನು ಮಂಚದ ಕೆಳಗೆ ತಳ್ಳಿ ಕಾಜಾದ ಗಂಟು ಬಿಚ್ಚಿದಳು.

ಆಟಕ್ಕೆ ಕರೆಯಲು ಬಂದವರಿಗೆ ಮೈ ಸರಿಯಿಲ್ಲ ಎಂದು ಹೇಳಿ ಕಳಿಸುತ್ತಿದ್ದಳು. ಬರಬರುತ್ತ ಕೇಳುವವರೂ ಕಡಿಮೆಯಾದರು.

ನನಗೆ ಸಿರುಗುಪ್ಪದ ಸಾಲೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಯ ಮಕ್ಕಳು ಚೋಟ್ಯಾನನ್ನು ಹಲವು ಸಲ ನೋಡಿದವರು. ನಾನು ಬಳ್ಳಾರಿಯಿಂದ ಬಂದವಳೆಂದು ತಿಳಿದ ದಿನವೇ, "ಚೋಟ್ಯಾ ಯಾಕ ಬರವಲ್ಲರಿ ಟೀಚರ್?" ಎಂದು ಕೇಳಿದರು. ದಿನಾ ಕೇಳಿದರು. ಏನು ಹೇಳಬೇಕೆಂದು ತೋಚದೆ ಊರಿಗೆ ಹೋದಾಗ ಅತ್ತೆಗೆ ಹೇಳಿದೆ. ಆಕೆ ಸೂಜಿ ನಿಲ್ಲಿಸಿ ಕೇಳಿದಳು.

"ಬಂದು ಒಂದು ಮಾತು ಹೇಳಿ ಬರ್ತೀನಿ. ಇಲ್ಲಾಂದ್ರ ಕಾಯ್ತಾವ ಅವು. ಚೋಟ್ಯಾಗ ಬಾಯಿ ಹೋಗೇತಿ ಅಂತ ದೊಡ್ಡವ್ವ ಹೇಳ್ತಾಳ. ಅಂವ ಕೈ ಮುಗೀತಾನ. ಅಷ್ಟ."

ಒಂದು ಶನಿವಾರ ಬೆಳಗಿನ ಸಾಲೆ ಮುಗಿದ ಮೇಲೆ ಪಡಸಾಲೆಯ ಎರಡು ಕಂಬಗಳಿಗೆ ಕಪ್ಪು ಪರದೆ ಕಟ್ಟಿದೆವು. ಅತ್ತೆ ವಾಡಿಕೆಯಂತೆ ಹಿಂದಿನ ಬಾಗಿಲಿನಿಂದ ಬಂದಳು. ಮಕ್ಕಳು ಅಂಗಳದ ತುಂಬ ಕೂತಿದ್ದರು. ಕರೂರಿನಿಂದ ನಡೆದು ಬಂದವರೂ ಇದ್ದರು. ಚೋಟ್ಯಾ ಪರದೆಯ ಮೇಲೆ ತಲೆ ಎತ್ತಿದ ಕೂಡಲೇ ಚಪ್ಪಾಳೆ. ದೊಡ್ಡವ್ವ ಬಂದಳು. ಧ್ವನಿ ಸ್ವಲ್ಪ ಒಡಕು, ಮುದುಕಿಗೆ ಅದು ಒಪ್ಪುತ್ತಿತ್ತು. ಚೋಟ್ಯಾನ ಬಾಯಿ ಹೋಗಿದೆಯೆಂದು ಹೇಳಬೇಕಾಗಿದ್ದವಳು, ಅಭ್ಯಾಸಬಲವೋ ಏನೋ, ಎಂದಿನ ಮಾತನ್ನೇ ಕೇಳಿಬಿಟ್ಟಳು.

"ಏನ್ಲೇ ಚೋಟ್ಯಾ, ಸಾಲಿಗಿ ಯಾಕ ಹೋಗ್ಲಿಲ್ಲ?"

ಚೋಟ್ಯಾ ಮುಖ ಎತ್ತಿದ. ಎರಡೂ ಕೈ ಅಗಲಿಸಿದ. ಧ್ವನಿ ಬರಲಿಲ್ಲ. ಪರದೆಯ ಅಂಚಿನಲ್ಲಿ ನಿಂತಿದ್ದ ನನಗೆ ಅತ್ತೆ ತುಟಿ ಕಚ್ಚಿಕೊಂಡದ್ದು ಕಾಣಿಸಿತು. ಆಗ ನಡುವಿನ ಸಾಲಿನಿಂದ ಒಂದು ಹುಡುಗಿ, ಚೋಟ್ಯಾ ಮರೆತಿದ್ದಾನೆಂದು ತಿಳಿದು, ನೆನಪು ಮಾಡುವ ಹಾಗೆ ಕೂಗಿ ಹೇಳಿದಳು.

"ಕಾಲಾಗ ಕಾಲು ಐತಿ."

ಚೋಟ್ಯಾ ಆ ಕಡೆ ತಿರುಗಿದ. ಹೌದು ಹೌದು ಎಂದು ತಲೆ ಆಡಿಸಿದ. ಮಕ್ಕಳು ನಕ್ಕರು. ಒಬ್ಬ ಹುಡುಗ ಎದ್ದು, "ನಮ್ಮ ಎಮ್ಮಿ ನನ್ನ ಚಡ್ಡಿ ತಿಂದೈತಿ" ಎಂದ. ಚೋಟ್ಯಾ ಕೂಡಲೇ ಕೈಯಿಂದ ಹಿಂಭಾಗ ಮುಚ್ಚಿಕೊಂಡ. ದೊಡ್ಡವ್ವ, "ಸುಳ್ಳು ಹೇಳ್ತಿ. ಎಮ್ಮಿ ಕರಸು, ಕೇಳ್ತೀನಿ" ಎಂದು ಗದರಿದಳು. ಇನ್ನೊಬ್ಬಳು ಎಮ್ಮೆಯಾಗಿ ಉತ್ತರ ಕೊಟ್ಟಳು. ಒಬ್ಬ ತೆಲುಗಿನಲ್ಲಿ ಹೇಳಿದ, ಇನ್ನೊಬ್ಬ ಉರ್ದುವಿನಲ್ಲಿ. ಎಲ್ಲಿಂದ ಮಾತು ಬಂದರೆ ಅಲ್ಲಿಗೆ ಚೋಟ್ಯಾನ ಮುಖ ತಿರುಗುತ್ತಿತ್ತು. ಆ ಕೈ ಅಷ್ಟು ಚುರುಕಾಗಿ ಆಡಿದ್ದನ್ನು ಅಲ್ಲಿಯ ತನಕ ನಾನು ಕಂಡಿರಲಿಲ್ಲ. ಊಟದ ಹೊತ್ತು ಮೀರಿತು, ಯಾರೂ ಏಳಲಿಲ್ಲ.

ಮುಗಿದ ಮೇಲೂ ಮಕ್ಕಳು ಕೂತೇ ಇದ್ದರು. "ಹಿಂದ ಯಾರದಾರ ತೋರಿಸ್ರಿ ಟೀಚರ್" ಎಂದರು. ನಾನು ನಮ್ಮ ಹೆಡ್‌ಮಾಸ್ಟರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ನಾನು ಏನಾದರೂ ಹೇಳುವ ಮೊದಲೇ ಅತ್ತೆ ಪರದೆ ಸರಿಸಿಕೊಂಡು ಮುಂದೆ ಬಂದಳು. ಎರಡೂ ಕೈಯಲ್ಲಿ ಗೊಂಬೆಗಳಿದ್ದವು. ಸೆರಗು ಜಾರಿದ್ದನ್ನು ಸರಿಮಾಡಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

"ಹೆಣ್ಮಗಳದಾಳಲೇ" ಎಂದ ಒಬ್ಬ, ಪಕ್ಕದವನಿಗೆ. ಅಷ್ಟೇ. ಆಮೇಲೆ ಎಲ್ಲರೂ ಎದ್ದು ಬಂದು ಚೋಟ್ಯಾನ ತಲೆ ಮುಟ್ಟಿ ನೋಡಿದರು. ಅತ್ತೆ ಬಗ್ಗಿ ನಿಂತು ಮುಟ್ಟಿಸಿದಳು. "ಎಷ್ಟು ಸುಳ್ಳು ಹೇಳ್ತೀರಲೇ. ನನಗ ಇಷ್ಟು ಬರ್ತಿರಲಿಲ್ಲ" ಎಂದು ಪಿಸುಗುಟ್ಟಿದಳು. ಹೆಡ್‌ಮಾಸ್ಟರು ಬಂದು ಕೈಮುಗಿದರು. ಮುಂದಿನ ಬಾಗಿಲಿನ ತನಕ ಬಂದು ಕಳಿಸಿದರು.

ಬಸ್ಸಿಗೆ ಕಾಯುವಾಗ ಆಕೆ, "ಇನ್ನ ನನ್ನ ಕರೀಬ್ಯಾಡವ್ವಾ" ಎಂದಳು.

"ಯಾಕ ಅತ್ತಿ? ಎಷ್ಟು ಛಂದ ಆತು ಇವತ್ತ."

"ಛಂದ ಆತು. ಅದಕ್ಕ."

ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಆಕೆ ಆದವಾನಿಯಲ್ಲಿದ್ದ ದೂರಸಂಬಂಧದ ತಂಗಿಯೊಬ್ಬಳ ಮನೆಗೆ ಹೋದಳು. ಯುದ್ಧ ಮುಗಿದು ಖಾಕಿಯ ಕೆಲಸ ಮೊದಲೇ ಇಳಿದಿತ್ತು, ಕಣ್ಣೂ ಮಂಜಾಗಿತ್ತು. ಹೋಗುವ ದಿನ ನಮ್ಮ ತಂದೆ ರಜೆ ಹಾಕಿ ರೈಲ್ವೆ ಸ್ಟೇಷನ್ನಿಗೆ ಬಂದರು. ಟ್ರಂಕನ್ನು ಡಬ್ಬಿಯೊಳಗೆ ಅವರೇ ಎತ್ತಿಟ್ಟರು. ಆಕೆಯನ್ನು ಹೆಸರು ಹಿಡಿದು, ರೇಡಿಯೋದವರು ಹೇಳಿದ ಹಾಗೆ ಹೇಳಿ, "ಹೋಗಿಬರ್ರಿ" ಎಂದರು. ಆಕೆ ಮತ್ತೆ ಬರಲಿಲ್ಲ. ಕೆಲವು ವರ್ಷಗಳ ನಂತರ ಆದವಾನಿಯಿಂದ ಬಟ್ಟೆ ತರಲು ಹೋಗಿದ್ದ ಚಾಚಾನ ಮಗ ಸಾವಿನ ಸುದ್ದಿ ತಂದ. ಗೊಂಬೆಗಳನ್ನು ಇಲಿಗಳು ತಿಂದವಂತೆ.

ನಾನು ಕೆಲಸದಿಂದ ನಿವೃತ್ತಳಾದ ಮೇಲೆ ಒಮ್ಮೆ ಆ ರೇಡಿಯೋ ಕೇಂದ್ರಕ್ಕೆ ಹೋಗಿ ವಿಚಾರಿಸಿದೆ. ಆಗ ಎಲ್ಲವೂ ನೇರಪ್ರಸಾರ, ಅಂಥವನ್ನು ಇಟ್ಟುಕೊಳ್ಳುತ್ತಿರಲಿಲ್ಲ ಎಂದು ಅಲ್ಲಿದ್ದ ಹುಡುಗಿ ಸಮಾಧಾನವಾಗಿ ಹೇಳಿದಳು. ಆಕೆಯದು ಒಂದು ಫೋಟೋ ಕೂಡ ಯಾರಲ್ಲೂ ಇಲ್ಲ. ತಮ್ಮ ಇರುವ ತನಕ ಅವನೊಂದಿಗೆ ಈ ಮಾತುಗಳನ್ನು ಆಡುತ್ತಿದ್ದೆ. ನಾನು ಮರೆತದ್ದು ಅವನಿಗೆ ನೆನಪಿರುತ್ತಿತ್ತು. ಹೋದ ವರ್ಷ ಅವನೂ ಹೋದ. ಈಗ ಮನೆಯಲ್ಲಿ ಮಕ್ಕಳು ಟೀವಿಯಲ್ಲಿ ಗೊಂಬೆಗಳ ಮಾತು ಕೇಳಿ ನಗುತ್ತಾರೆ, ನಾನೂ ಜೊತೆಗೆ ಕೂತು ನೋಡುತ್ತೇನೆ. ಅತ್ತೆಯ ಮುಖ ನನಗೆ ಸ್ಪಷ್ಟವಾಗಿ ನೆನಪಿದೆ, ದಾರ ಕಡಿಯುವಾಗಿನ ಹಲ್ಲು, ಗೊಂಬೆಯೊಳಗಿನ ಬೆರಳು... ಚೋಟ್ಯಾನ ಧ್ವನಿ ಹೇಗಿತ್ತೆಂದು ಯಾರಾದರೂ ಕೇಳಿದರೆ ವಿವರಿಸಿ ಹೇಳಬಲ್ಲೆ. ನನಗೆ ಮಾತ್ರ ಅದು ಈಗ ಕೇಳಿಸುವುದಿಲ್ಲ.